ಕುದುರೆ ಬಾಲ, ಎತ್ತಿನ ಹಗ್ಗ

ನಂದಿ ಜಾತ್ರೆಯಲ್ಲಿ ಹೋರಿಯ ಪರವಾಗಿ ಮಾತಾಡುವುದು ಅದರ ಹಲ್ಲು. ಶಿವರಾತ್ರಿಯ ಹೊತ್ತಿಗೆ ಭೋಗನಂದೀಶ್ವರನ ತೇರಿನ ಜೊತೆಗೆ ಸೇರುವ ದನಗಳ ಜಾತ್ರೆಯಲ್ಲಿ ಕೊಳ್ಳುವವನು ಮೊದಲು ಮಾಡುವ ಕೆಲಸ ತುಟಿ ಎತ್ತಿ ನೋಡುವುದು. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿ ಕೂಡಿದೆಯೋ? ಆಮೇಲೆ ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕಡೆಗೆ ದಲ್ಲಾಳಿಯ ಟವೆಲ್ಲಿನ ಕೆಳಗೆ ಎರಡು ಕೈ ಸೇರಿ ಬೆರಳಿಗೆ ಬೆರಳು ಬೆಲೆ ಹೇಳುತ್ತವೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ, ತಿಳಿದಂತೆ ಎಲ್ಲರೂ ತಲೆ ಆಡಿಸುತ್ತಾರೆ.

ಒಂದು ವರ್ಷ ಅಲ್ಲಿಗೆ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದುವ ಹುಡುಗಿ. ಒಂದು ಜೊತೆ ಹಳ್ಳಿಕಾರ್ ಹೋರಿಗಳ ಮುಂದೆ ನಿಂತು, ‘ಮಾಮ, ರೇಸ್ ಕುದುರೆಗೆ ಹಿಂಗೆ ಬಾಯಿ ತೆರೆಸಿ ನೋಡಬೇಕಾಗಿಲ್ಲ. ಅದರ ಕತ್ತೊಳಗೆ ಚಿಪ್ ಇರ್ತದೆ, ಅಪ್ಪ ಅಮ್ಮ ಯಾರು ಅಂತ ಡಿಎನ್‌ಎ ಪರೀಕ್ಷೆ ಆಗಿರ್ತದೆ. ನಿನ್ನ ಹತ್ರ ನಿನ್ನ ಮುತ್ತಾತನ ಹೆಸರಿದೆಯಾ?’ ಅಂದಳು. ನನ್ನ ಹತ್ತಿರ ಇರಲಿಲ್ಲ. ಥರೋಬ್ರೆಡ್ ಕುದುರೆಯ ಹತ್ತಿರ ಇರುತ್ತದೆ. ಲೋಕದ ಯಾವ ಥರೋಬ್ರೆಡ್ ಮರಿಯಾದರೂ ಗಂಡು ಸಂತತಿಯಲ್ಲಿ ಹಿಂದಕ್ಕೆ ಹೋದರೆ ಮೂರು ಬೀಜದ ಕುದುರೆಗಳಲ್ಲಿ ಒಂದಕ್ಕೆ ಮುಟ್ಟುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಆ ವಂಶಾವಳಿಯ ಪುಸ್ತಕವನ್ನು ಇಂಗ್ಲೆಂಡಿನಲ್ಲಿ ಮೊದಲು ಅಚ್ಚು ಹಾಕಿದ್ದು 1791ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಪಡೆ, ನಾವು ನಿಂತಿದ್ದ ಬಯಲಿನ ನೆತ್ತಿಯ ಮೇಲಿರುವ ನಂದಿದುರ್ಗವನ್ನು ಟಿಪ್ಪುವಿನ ಕೈಯಿಂದ ಕಿತ್ತುಕೊಂಡಿತು. ಈ ಎರಡಕ್ಕೂ ಸಂಬಂಧವಿಲ್ಲ. ಬೆಟ್ಟ ಕಂಡಾಗಲೆಲ್ಲ ನೆನಪಾಗುತ್ತದೆ, ಅಷ್ಟೆ.

ನಮ್ಮ ಜಿಲ್ಲೆಯಲ್ಲಿ ಕುದುರೆ ಓಟದ ಮೈದಾನವಿಲ್ಲ. ಆದರೂ ರೇಸು ನಮಗೆ ದೂರದ್ದಲ್ಲ. ಚಿಂತಾಮಣಿಯ ಬಸ್ಸಾಗಲಿ, ಗೌರಿಬಿದನೂರಿನ ರೈಲಾಗಲಿ ಕೊನೆಗೆ ಬೆಂಗಳೂರಿನ ಮೆಜೆಸ್ಟಿಕ್ಕಿನ ಸುತ್ತಮುತ್ತಲೇ ಇಳಿಸುವುದು, ಅಲ್ಲಿಂದ ಆನಂದರಾವ್ ಸರ್ಕಲ್ ದಾಟಿದರೆ ರೇಸ್‌ಕೋರ್ಸು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಿಸುತ್ತಿದ್ದ ನನ್ನ ದೊಡ್ಡಪ್ಪ ವಾರವೆಲ್ಲ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿ, ರೇಸಿನ ದಿನ ಮೊದಲ ಬಸ್ಸಿಗೆ ಹೊರಡುತ್ತಿದ್ದ. ಸಂಜೆ ಬರುವಾಗ ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣವಿದ್ದರೆ ಗೆದ್ದಿದ್ದಾನೆ ಎಂದು ಅರ್ಥ. ಮೈಸೂರುಪಾಕು ತಿಂದ ನೆನಪು ನನಗೆ ಎರಡೋ ಮೂರೋ ಸಲ. ‘ಕುದುರೆ ಬಾಲಕ್ಕೆ ಕಟ್ಟಿ ಬಂದ’ ಎಂದು ದೊಡ್ಡಮ್ಮ ಬೈಯುತ್ತಿದ್ದದ್ದು ಮಾತ್ರ ಪ್ರತಿ ವಾರದ್ದು.

ಹೀಗಾಗಿ ರೇಸಿನ ಬಗ್ಗೆ ನಮ್ಮ ಮನೆಗಳಲ್ಲಿ ಅಭಿಪ್ರಾಯ ಒಂದೇ. ಅದು ಮನೆಹಾಳು. ಈ ಅಭಿಪ್ರಾಯದಲ್ಲಿ ಇಲ್ಲದ ಒಂದು ಪ್ರಾಣಿ ಎಂದರೆ ಕುದುರೆ. ದೊಡ್ಡಪ್ಪನ ಬಾಯಲ್ಲಿ ಅದು ಒಂದು ನಂಬರು, ದೊಡ್ಡಮ್ಮನ ಬಾಯಲ್ಲಿ ಒಂದು ಬಾಲ. ಮೈದಾನಕ್ಕೆ ಇಳಿಯುವ ಎರಡು ಮೂರು ವರ್ಷದ ಗಂಡು ಮರಿಗೆ ಈ ವ್ಯವಹಾರದಲ್ಲಿ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಲೆಕ್ಕ ಹಾಕಿದವರು ನಮ್ಮಲ್ಲಿ ಇಲ್ಲ. ಅಕ್ಕನ ಮಗಳು ಒಂದು ಕಡೆಯಿಂದ, ಗೌರಿಬಿದನೂರು ಕಡೆಯ ಒಬ್ಬ ಹಿರಿಯರು ಇನ್ನೊಂದು ಕಡೆಯಿಂದ ನನ್ನನ್ನು ಆ ಲೆಕ್ಕಕ್ಕೆ ಎಳೆದರು. ಹಿರಿಯರು ಬೆಂಗಳೂರಿನ ಲಾಯಗಳಲ್ಲಿ ಸೈಸ್ ಆಗಿ, ಅಂದರೆ ಕುದುರೆ ನೋಡಿಕೊಳ್ಳುವ ಆಳಾಗಿ, ಬಹಳ ವರ್ಷ ದುಡಿದವರು. ಈಗ ಊರಲ್ಲಿ ಎರಡು ಹಸು ಕಟ್ಟಿಕೊಂಡಿದ್ದಾರೆ.

ಮೊದಲು ಒಳ್ಳೆಯ ದಿನದ ಮಾತು. 1970ರ ದಶಕದ ನಡುವೆ ಬೆಂಗಳೂರಿನ ತರಬೇತುದಾರ ರಶೀದ್ ಬೈರಾಮ್‌ಜಿಯವರ ಕೈಕೆಳಗೆ ಸ್ಕ್ವಾಂಡರರ್ ಎಂಬ ಗಂಡು ಕುದುರೆ ಓಡುತ್ತಿತ್ತು. ಹೆಸರಿನ ಅರ್ಥ ದುಂದುಗಾರ. ನನ್ನ ದೊಡ್ಡಪ್ಪನಿಗೆ ಇಡಬೇಕಾಗಿದ್ದ ಹೆಸರು. ಈ ದುಂದುಗಾರ ಮಾತ್ರ ಕಳೆದದ್ದು ಕಡಿಮೆ: 19 ಬಾರಿ ಓಡಿ 18 ಬಾರಿ ಗೆದ್ದ. 1977ರ ಇಂಡಿಯನ್ ಡರ್ಬಿ ಅವನದು. 2000 ಗಿನೀಸ್, ಡರ್ಬಿ, ಸೇಂಟ್ ಲೆಜರ್ ಮೂರನ್ನೂ ಗೆದ್ದು ಟ್ರಿಪಲ್ ಕ್ರೌನ್ ಎನ್ನುವ ಮೂರು ಕಿರೀಟವನ್ನೂ ಹೊತ್ತ. ಇದರ ಕಷ್ಟ ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಗಿನೀಸ್ 1600 ಮೀಟರ್, ಡರ್ಬಿ 2400, ಲೆಜರ್ 2800. ಮೊದಲನೆಯದಕ್ಕೆ ವೇಗದ ಕಾಲು ಬೇಕು, ಕೊನೆಯದಕ್ಕೆ ತಾಳಿಕೆಯ ಎದೆ. ಒಂದು ಕೆಲಸಕ್ಕೆ ಹೇಳಿ ಮಾಡಿಸಿದ ಮೈ ಇನ್ನೊಂದಕ್ಕೆ ಒದಗುವುದು ಅಪರೂಪ. ಡಿಸೆಂಬರಿನಿಂದ ಮುಂದಿನ ಸೆಪ್ಟೆಂಬರಿನವರೆಗೆ, ಮುಂಬೈಯ ಮಹಾಲಕ್ಷ್ಮಿಯಿಂದ ಪುಣೆಯವರೆಗೆ, ಕಾಲು ಕೆಡದೆ ಉಳಿಯಬೇಕು. ಬೈರಾಮ್‌ಜಿ ತಮ್ಮ ಜೀವಮಾನದಲ್ಲಿ ಹತ್ತಕ್ಕೂ ಹೆಚ್ಚು ಸಲ ಇಂಡಿಯನ್ ಡರ್ಬಿ ಗೆದ್ದುಕೊಟ್ಟವರು. ಅಂಥವರಿಗೂ ಇಂಥ ಕುದುರೆ ಮತ್ತೆ ಮತ್ತೆ ಸಿಗುವುದಿಲ್ಲ. ಬೆಂಗಳೂರಿನ ಇನ್ನೊಬ್ಬ ತರಬೇತುದಾರ ಎಸ್. ಪದ್ಮನಾಭನ್ ಅವರ ಡೆಸರ್ಟ್ ಗಾಡ್, ಸೂರಜ್ ನರೇಡು ಸವಾರಿಯಲ್ಲಿ 2016ರ ಡರ್ಬಿ ಗೆದ್ದು ಅದೇ ಮೂರು ಕಿರೀಟ ಹೊತ್ತಾಗ ನಡುವೆ ಸುಮಾರು ನಲವತ್ತು ವರ್ಷ ಕಳೆದಿದ್ದವು.

ಹಿರಿಯರು ಇಂಥ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ, ದೇವಸ್ಥಾನದಲ್ಲಿ ಮಾತಾಡುವ ಹಾಗೆ. ಅವರ ವಾದ ತುಂಬ ಸರಳ. ಈ ಪ್ರಾಣಿ ಓಡುವುದಕ್ಕೆಂದೇ ಹುಟ್ಟಿದೆ, ಅದನ್ನು ಓಡಬೇಡ ಎನ್ನುವುದೇ ಹಿಂಸೆ.

ಈ ಮಾತಿನಲ್ಲಿ ಸತ್ಯವಿಲ್ಲ ಎನ್ನಲಾಗದು. ಥರೋಬ್ರೆಡ್ಡಿನ ಮೈ ಒಂದು ಅಚ್ಚರಿ. ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಎದೆ, ನಾಗಾಲೋಟದಲ್ಲಿ ಇನ್ನೂರು ದಾಟುತ್ತದೆ. ಓಟಕ್ಕೆ ಇಳಿದ ಕೂಡಲೇ ಗುಲ್ಮ ಎನ್ನುವ ಅಂಗ ಹಿಂಡಿಕೊಂಡು, ಕೂಡಿಟ್ಟ ಕೆಂಪು ರಕ್ತಕಣಗಳನ್ನು ನಾಳಗಳಿಗೆ ಸುರಿಯುತ್ತದೆ. ಬರಗಾಲಕ್ಕೆಂದು ಹಗೇವಿನಲ್ಲಿ ರಾಗಿ ಇಟ್ಟು ಬೇಕಾದಾಗ ತೆಗೆದ ಹಾಗೆ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು, ಹೆಜ್ಜೆಯೂ ಉಸಿರೂ ಒಂದೇ ತಾಳ. ಬಯಲಿಗೆ ಬಿಟ್ಟ ಮರಿಗಳು ಯಾರೂ ಅಟ್ಟದೆ ಬೇಲಿಯುದ್ದಕ್ಕೂ ಪೈಪೋಟಿಗೆ ಬಿದ್ದು ಓಡುವುದನ್ನು ಕುಣಿಗಲ್ಲಿನಂಥ ಕುದುರೆ ಫಾರಂಗಳಲ್ಲಿ ಕಂಡವರು ಬಹಳ ಮಂದಿ. ಟಿಪ್ಪು ಕಾಲದ ನಂಟು ಹೇಳಿಕೊಳ್ಳುವ ಆ ಜಾಗದಲ್ಲಿ ಹುಟ್ಟಿದ ಮರಿ ಆರು ತಿಂಗಳು ತಾಯಿಯ ಮಗ್ಗುಲಲ್ಲೇ ಬೆಳೆಯುತ್ತದೆ. ನಮ್ಮ ಕಡೆ ಸೀಮೆಹಸುವಿನ ಕರು, ಅದರಲ್ಲೂ ಗಂಡು ಕರು, ತಾಯಿಯ ಹತ್ತಿರ ಎಷ್ಟು ದಿನ ಇರುತ್ತದೆ ಎಂದು ಡೈರಿಗೆ ಹಾಲು ಹಾಕುವವರಿಗೆಲ್ಲ ಗೊತ್ತು.

ಲಾಯದಲ್ಲಿ ಆರೈಕೆಯೂ ಹಾಗೇ ಇದೆ. ಹಿರಿಯರು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮೈ ಮುಟ್ಟಿ ಬಿಸಿ ಇದೆಯೇ ನೋಡುತ್ತಿದ್ದರಂತೆ. ಮುಂಗಾಲಿನ ನರದ, ಅಂದರೆ ಸ್ನಾಯುರಜ್ಜಿನ, ಮೇಲೆ ಅಂಗೈ ಇಳಿಸಿದರೆ ಸಾಕು, ಊತ ತಿಳಿಯುತ್ತದೆ. ಓಟ್ಸು, ಬಾರ್ಲಿ, ಕುದುರೆಮಸಾಲೆ ಸೊಪ್ಪು. (ಇಂಗ್ಲಿಷಿನವರು ಕುದುರೆಯ ಕಾಳು ಎಂದು ಹೆಸರಿಟ್ಟ ಹುರುಳಿ ಮಾತ್ರ ನಮ್ಮ ತಟ್ಟೆಯಲ್ಲೇ ಹೆಚ್ಚು.) ಓಡಿ ಬಂದ ಮೇಲೆ ತಣ್ಣೀರು, ಮಾಲೀಸು, ಕಾಲಿಗೆ ಪಟ್ಟಿ. ‘ನನ್ನ ಮಗನಿಗೆ ಜ್ವರ ಬಂದ್ರೆ ಡಾಕ್ಟ್ರು ಬೆಳಗಾನ ಕಾಯಬೇಕಾಗಿತ್ತು ಕಣಪ್ಪಾ. ಕುದುರೆ ಮೇವು ಬಿಟ್ರೆ ಹತ್ತು ನಿಮಿಷಕ್ಕೆ ಡಾಕ್ಟ್ರು’ ಎಂದರು. ಇದನ್ನು ದೂರೆಂದು ಹೇಳಿದರೋ ಹೆಮ್ಮೆಯಿಂದ ಹೇಳಿದರೋ ನನಗೆ ಬಿಡಿಸಿಕೊಳ್ಳಲಾಗಲಿಲ್ಲ. ಎರಡೂ ಇತ್ತು ಅನ್ನಿಸುತ್ತದೆ.

ಈಗ ಅಕ್ಕನ ಮಗಳ ಸರದಿ. ಅವಳು ಹೃದಯದ ಮಾತಿಗೆ ಹೋಗುವುದಿಲ್ಲ, ಕಾಲಿನ ಮಾತಿಗೆ ಬರುತ್ತಾಳೆ. ಸುಮಾರು 450ರಿಂದ 500 ಕಿಲೋ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ಆಸುಪಾಸಿನಲ್ಲಿ ಓಡುವಾಗ ಒಂದು ಕ್ಷಣಕ್ಕೆ ಒಂದೇ ಮುಂಗಾಲು ನೆಲದ ಮೇಲಿರುತ್ತದೆ, ಮೈತೂಕದ ಎರಡೂವರೆ ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಮಂಡಿಯಿಂದ ಕೆಳಗೆ ಸ್ನಾಯುವೇ ಇಲ್ಲ, ಮೂಳೆ ಮತ್ತು ನರ ಅಷ್ಟೆ. ಒಡೆದರೆ ಕೂಡಿಸುವುದು ಕಷ್ಟ. ಮೂರು ಕಾಲಿನ ಮೇಲೆ ತಿಂಗಳುಗಟ್ಟಲೆ ನಿಂತರೆ ಉಳಿದ ಕಾಲಿನ ಗೊರಸು ಒಳಗೇ ಬೇರ್ಪಟ್ಟು ಹೋಗುತ್ತದೆ. ಅಮೆರಿಕದ ಬಾರ್ಬರೊ ಎಂಬ ಡರ್ಬಿ ವಿಜೇತ ಕುದುರೆ 2006ರಲ್ಲಿ ಓಟದ ನಡುವೆ ಕಾಲು ಮುರಿದುಕೊಂಡಾಗ ಹಣಕ್ಕೂ ವೈದ್ಯರಿಗೂ ಕೊರತೆ ಇರಲಿಲ್ಲ. ತಿಂಗಳುಗಟ್ಟಲೆ ಚಿಕಿತ್ಸೆ ಕೊಟ್ಟರು. ಕೊನೆಗೆ 2007ರ ಜನವರಿಯಲ್ಲಿ ದಯಾಮರಣ ಕೊಡಬೇಕಾಯಿತು, ಅದಕ್ಕೆ ಈ ಗೊರಸಿನ ರೋಗವೂ ಕಾರಣ.

ಅವಳ ಎರಡನೆಯ ಮಾತು ವಯಸ್ಸಿನದು. ಥರೋಬ್ರೆಡ್ ಯಾವ ತಿಂಗಳು ಹುಟ್ಟಿದರೂ ನಮ್ಮ ದೇಶದಲ್ಲಿ ಅದಕ್ಕೆ ಜನವರಿ 1ಕ್ಕೆ ಒಂದು ವರ್ಷ ಕೂಡುತ್ತದೆ. ನಮ್ಮ ಕಾಲದ ಮೇಷ್ಟ್ರುಗಳು ಶಾಲೆಗೆ ಸೇರಿಸುವಾಗ ಎಲ್ಲ ಮಕ್ಕಳಿಗೂ ಜೂನ್ ಒಂದು ಎಂದು ಬರೆದ ಹಾಗೆ. ಆ ಲೆಕ್ಕದಲ್ಲಿ ಎರಡು ಎಂದರೆ ಬೆನ್ನಿಗೆ ಜೀನು, ಬಾಯಿಗೆ ಕಡಿವಾಣ, ಗೇಟಿನೊಳಗೆ ನಿಲ್ಲುವ ಪಾಠ, ಮಾಕ್ ರೇಸು, ಆಮೇಲೆ ನಿಜವಾದ ಓಟ. ಬೆನ್ನಿನ ಮೂಳೆಗಳ ಬೆಳವಣಿಗೆ ಮುಗಿಯಲು ಇನ್ನೂ ವರ್ಷಗಳಿರುತ್ತವೆ. ನಂದಿ ಜಾತ್ರೆಯ ರೈತ ಹಾಲುಹಲ್ಲಿನ ಹೋರಿಗೆ ಭಾರದ ಗಾಡಿ ಕಟ್ಟುವುದಿಲ್ಲ, ಕಟ್ಟಿದರೆ ನಾಲ್ಕು ಜನ ಉಗಿಯುತ್ತಾರೆ. ಆದರೆ ಇದಕ್ಕೆ ಎದುರು ಮಾತೂ ಇದೆ, ಅದನ್ನು ಅವಳೇ ಮುಚ್ಚಿಡದೆ ಹೇಳಿದಳು. ಎಳೆಯ ಮೂಳೆ ಹದವಾದ ಭಾರಕ್ಕೆ ಗಟ್ಟಿಯಾಗುತ್ತದೆ, ಎರಡನೇ ವರ್ಷದಲ್ಲಿ ಅಳತೆಯಲ್ಲಿ ಓಡಿದ ಕುದುರೆಗಳು ಆಮೇಲೆ ಹೆಚ್ಚು ಕಾಲ ತಾಳಿದ್ದನ್ನು ತೋರಿಸುವ ಅಧ್ಯಯನಗಳೂ ಇವೆ. ಓಡಿಸುವುದು ತಪ್ಪಲ್ಲ, ಅವಸರ ತಪ್ಪು ಎಂದಾಯಿತು. ಗೂಡಿಗೆ ಬರುವ ಮೊದಲೇ ಹುಳವನ್ನು ಚಂದ್ರಿಕೆಗೆ ಏರಿಸಿದರೆ ಏನಾಗುತ್ತದೆಂದು ಶಿಡ್ಲಘಟ್ಟದವರಿಗೆ ಹೇಳಿಕೊಡಬೇಕಿಲ್ಲ.

ಮೂರನೆಯದು ನನಗೆ ಹೆಚ್ಚು ನಾಟಿತು. ಕುದುರೆ ಹುಟ್ಟಾ ಮೇಯುವ ಪ್ರಾಣಿ, ಬಿಟ್ಟರೆ ದಿನದಲ್ಲಿ ಹದಿನಾರು ಗಂಟೆ ಬಾಯಾಡಿಸುತ್ತದೆ. ರೇಸ್ ಕುದುರೆ ಬೆಳಗ್ಗೆ ಒಂದೆರಡು ಗಂಟೆ ಬಿಟ್ಟರೆ ಉಳಿದ ಹೊತ್ತೆಲ್ಲ ನಾಲ್ಕು ಗೋಡೆಯ ನಡುವೆ, ಗುಂಪಿಲ್ಲದೆ, ಕಾಳಿನ ಮೇಲೆ. ಹೊಟ್ಟೆಯಲ್ಲಿ ಹುಣ್ಣಾಗುವುದು ರೇಸ್ ಕುದುರೆಗಳಲ್ಲಿ ತೀರ ಸಾಮಾನ್ಯ. ಕೆಲವು ಬಾಗಿಲ ಮರ ಕಚ್ಚಿ ಗಾಳಿ ನುಂಗುತ್ತವೆ, ಕೆಲವು ಎಡಕ್ಕೂ ಬಲಕ್ಕೂ ತೂಗಾಡುತ್ತಾ ನಿಲ್ಲುತ್ತವೆ. ಹಿರಿಯರಿಗೆ ಇದನ್ನು ಹೇಳಿದಾಗ ಅವರು ಅಲ್ಲಗಳೆಯಲಿಲ್ಲ. ‘ತೂಗ್ತಾವೆ. ನಾವು ಪಕ್ಕದಲ್ಲಿ ಮೇಕೆ ಕಟ್ತಿದ್ವಿ, ಜೊತೆಗಿರಲಿ ಅಂತ’ ಎಂದರು.

ಇನ್ನು ಚಾಟಿ. ಬ್ರಿಟನ್ನಿನಲ್ಲಿ 2023ರಿಂದ ಬಯಲು ಓಟದಲ್ಲಿ ಆರು ಏಟಿನ ಮಿತಿ ಇದೆ. ಮೆತ್ತೆ ಸುತ್ತಿದ ಚಾಟಿ ನೋಯಿಸುವುದಿಲ್ಲ, ಎಚ್ಚರಿಸುತ್ತದೆ ಅಷ್ಟೆ ಎಂದು ಜಾಕಿಗಳು ಹೇಳುತ್ತಾರೆ. ನೋಯಿಸದಿದ್ದರೆ ಲೆಕ್ಕ ಇಡುವುದೇಕೆ ಎಂಬ ಪ್ರಶ್ನೆಗೆ ಉತ್ತರ ನಾನು ಇನ್ನೂ ಕೇಳಿಲ್ಲ. ಅದಕ್ಕಿಂತ ವಿಚಿತ್ರ ಹ್ಯಾಂಡಿಕ್ಯಾಪ್. ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ, ಏರಿದಷ್ಟೂ ಮುಂದಿನ ಓಟದಲ್ಲಿ ಅದರ ಬೆನ್ನ ಮೇಲೆ ತೂಕ ಹೆಚ್ಚು, ಜಾಕಿಯ ಮೈತೂಕ ಸಾಲದಿದ್ದರೆ ಜೀನಿಗೆ ಸೀಸ ಸೇರಿಸುತ್ತಾರೆ. ಓಟವನ್ನು ಸಮಬಲದ್ದು ಮಾಡುವ ಉಪಾಯವಿದು. ಯಾರು ಗೆಲ್ಲುತ್ತಾರೆಂದು ಗೊತ್ತಾಗದಿದ್ದರೆ ತಾನೆ ದೊಡ್ಡಪ್ಪ ಬಸ್ಸು ಹತ್ತುವುದು? ದೊಡ್ಡ ಕ್ಲಾಸಿಕ್ ಓಟಗಳಲ್ಲಿ ಈ ಹೇರು ಇಲ್ಲ. ಆದರೆ ಒಂದು ವರ್ಷ ಹುಟ್ಟಿದ ಮರಿಗಳಲ್ಲಿ ಡರ್ಬಿ ಗೆಲ್ಲುವುದು ಒಂದೇ. ಮಿಕ್ಕವು ಬಹುಪಾಲು ಹ್ಯಾಂಡಿಕ್ಯಾಪಿನ ಏಣಿಯಲ್ಲೇ ಹತ್ತಿ ಇಳಿದು ದಿನ ಕಳೆಯುತ್ತವೆ.

ಜೂಜಿನ ಪ್ರಶ್ನೆಯನ್ನು ಇಲ್ಲಿ ಬೇರೆ ಮಾಡಿ ಇಡುವುದು ಒಳ್ಳೆಯದು. ಅದು ಕುದುರೆಯ ತಪ್ಪಲ್ಲ. ಕುದುರೆ ಓಟದಲ್ಲಿ ಹಣ ಕಟ್ಟುವುದು ಅದೃಷ್ಟದ ಆಟವಲ್ಲ, ಕೌಶಲದ್ದು ಎಂದು ಸುಪ್ರೀಂ ಕೋರ್ಟು 1996ರ ಜನವರಿಯಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿತು. ವಂಶ, ತರಬೇತಿ, ಜಾಕಿ, ತೂಕ, ಹಿಂದಿನ ಓಟ ಇವೆಲ್ಲ ಅಳೆದು ನೋಡುವ ಸಂಗತಿಗಳು ಎಂಬುದು ಅದರ ಆಧಾರ. ರೇಸ್ ಪುಸ್ತಕದ ಮೇಲೆ ಕೆಂಪು ಪೆನ್ಸಿಲ್ಲಿನಿಂದ ದೊಡ್ಡಪ್ಪ ಗೀಚುತ್ತಿದ್ದ ಲೆಕ್ಕ ನೋಡಿದರೆ ಕೋರ್ಟು ಹೇಳಿದ್ದು ಸರಿ ಎನ್ನಬೇಕು. ಅವನು ತಂದ ಫಲಿತಾಂಶ ನೋಡಿದರೆ ದೊಡ್ಡಮ್ಮ ಹೇಳಿದ್ದು ಸರಿ. ವಿನ್, ಪ್ಲೇಸ್, ಜಾಕ್‌ಪಾಟ್ ಯಾವುದಕ್ಕೇ ಕಟ್ಟಲಿ, ಟೋಟಿನಲ್ಲಿ ಸೇರಿದ ಹಣದಿಂದ ಕ್ಲಬ್ಬಿನ ಪಾಲು ಮತ್ತು ತೆರಿಗೆ ಮುರಿದುಕೊಂಡು ಮಿಕ್ಕದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಎಷ್ಟೇ ಜಾಣರಿರಲಿ, ಎಲ್ಲರ ಜಾಣತನವನ್ನೂ ಒಟ್ಟು ಹಾಕಿದರೆ ಕಟ್ಟಿದ್ದಕ್ಕಿಂತ ಕಡಿಮೆಯೇ ಹಿಂದಿರುಗುವುದು.

ಹಾಗೆಂದು ನಮ್ಮ ಜಿಲ್ಲೆಯವರು ಜೂಜಿನ ಮೇಲೆ ಉಪದೇಶ ಕೊಡಲು ಎದ್ದರೆ ನಗು ಬರುತ್ತದೆ. ಬತ್ತದ ನದಿಯಿಲ್ಲದ ಸೀಮೆಯಲ್ಲಿ ಸಾವಿರದೈನೂರು ಅಡಿ ಬೋರು ಕೊರೆಸುವವನು, ತೆಂಗಿನಕಾಯಿ ಅಂಗೈಲಿಟ್ಟುಕೊಂಡು ನಡೆಯುವ ನೀರು ತೋರಿಸುವವನ ಮಾತು ನಂಬಿ ಸಾಲ ತೆಗೆಯುವುದಿಲ್ಲವೇ? ಅದು ಕೌಶಲವೋ, ಅದೃಷ್ಟವೋ? ಚಿಂತಾಮಣಿಯ ಮಂಡಿಗೆ ಟೊಮೆಟೊ ತುಂಬಿದ ಕ್ರೇಟು ಇಳಿಸುವವನಿಗೆ ಬೆಲೆ ಗೊತ್ತಾಗುವುದು ಇಳಿಸಿದ ಮೇಲೆ. ನೂರು ರೂಪಾಯಿ ಕುದುರೆಗೆ ಕಟ್ಟುವುದನ್ನು ಪಾಪವೆಂದು, ಐದು ಲಕ್ಷ ಬೋರಿಗೆ ಸುರಿಯುವುದನ್ನು ಬೇಸಾಯವೆಂದು ಕರೆಯುವುದು ನಮ್ಮ ರೂಢಿ. ಒಂದು ವ್ಯತ್ಯಾಸ ಮಾತ್ರ ನಿಜ. ಬೋರಿನಲ್ಲಿ ನೀರು ಬಿದ್ದರೆ ಊರಿಗೆ ರಾಗಿ ಬರುತ್ತದೆ.

ಸರ್ಕಾರಕ್ಕೂ ಈ ವಿಷಯದಲ್ಲಿ ಒಂದೇ ಮನಸ್ಸಿಲ್ಲ. ಕಟ್ಟಿದ ಪೂರ್ತಿ ಹಣದ ಮೇಲೆ ಶೇಕಡಾ 28 ಜಿಎಸ್‌ಟಿ ಹಾಕುವ ನಿಯಮವನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ಒಪ್ಪಲಿಲ್ಲ, ಕ್ಲಬ್ಬಿನ ಕಮಿಷನ್ನಿನ ಮೇಲೆ ಮಾತ್ರ ತೆರಿಗೆ ಎಂದಿತು. 2023ರ ಅಕ್ಟೋಬರಿನಲ್ಲಿ ಕಾನೂನನ್ನೇ ತಿದ್ದಿ ಪೂರ್ತಿ ಹಣಕ್ಕೆ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ದರ ಶೇಕಡಾ 40ಕ್ಕೆ ಏರಿತು. ಇಷ್ಟು ತೆರಿಗೆ ಹಾಕಿದರೆ ಜನ ಚೀಟಿಯಿಲ್ಲದ ಬುಕ್ಕಿಯ ಹತ್ತಿರ ಹೋಗುತ್ತಾರೆ, ಆಗ ತೆರಿಗೆಯೂ ಇಲ್ಲ, ಕಣ್ಗಾವಲೂ ಇಲ್ಲ ಎನ್ನುತ್ತಾರೆ ರೇಸಿನವರು. ಜೂಜು ದುಬಾರಿಯಾಗಲಿ ಎಂದೇ ಹಾಕಿದ್ದು ಎನ್ನುತ್ತಾರೆ ಇನ್ನೊಂದು ಕಡೆಯವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2024ರಲ್ಲಿ ಸರ್ಕಾರ ಬೆಂಗಳೂರಿನ ಓಟಕ್ಕೆ ಪರವಾನಗಿ ನಿರಾಕರಿಸಿ, ವ್ಯಾಜ್ಯ ಹೈಕೋರ್ಟಿಗೆ ಹೋಗಿ, ಕೆಲ ಕಾಲ ಮೈದಾನ ಸುಮ್ಮನಾಯಿತು. ಆಗ ಕುದುರೆಗಳಿಗೇನೂ ಸುಗ್ಗಿಯಾಗಲಿಲ್ಲ. ಓಟ ನಿಂತರೂ ಹೊಟ್ಟೆ ನಿಲ್ಲುವುದಿಲ್ಲ, ಸೈಸ್‌ನ ಸಂಬಳವೂ ನಿಲ್ಲುವಂತಿಲ್ಲ. ರೇಸು ಮುಚ್ಚಿಸಬೇಕು ಎನ್ನುವವರು ಮುಚ್ಚಿದ ಮರುದಿನ ಲಾಯದಲ್ಲಿ ನಿಂತಿರುವ ಪ್ರಾಣಿಗಳಿಗೆ ಏನು ಮಾಡಬೇಕೆಂದು ಹೇಳುವುದು ಕಡಿಮೆ.

ಜಮೀನಿನ ಜಗಳ ನನಗೆ ಅಷ್ಟು ಮುಖ್ಯವೆನಿಸಿಲ್ಲ. ಬೆಂಗಳೂರಿನ ನಡುವಿನ ರೇಸ್‌ಕೋರ್ಸಿನ ಎಂಬತ್ತು ಚಿಲ್ಲರೆ ಎಕರೆಯ ಗುತ್ತಿಗೆ 2009ರ ಕೊನೆಗೆ ಮುಗಿದು ವ್ಯಾಜ್ಯವಾಯಿತು. ಮೈದಾನ ಸಾಗಿಸಲು ಒಮ್ಮೆ ನಮ್ಮ ದಾರಿಯ ಚಿಕ್ಕಜಾಲದ ಹೆಸರು ಬಂತು, ಆಮೇಲೆ ಕುಣಿಗಲ್ಲಿನ ಹೆಸರು. ಬಯಲಿರುವ ಕಡೆಗೆ ಹೋದರೆ ಕುದುರೆಗೆ ಒಳ್ಳೆಯದೇ. ಚಿಕ್ಕಜಾಲದ ಹೆಸರು ಕೇಳಿದ ದಿನ ನಮ್ಮವರು ಕುದುರೆಯ ಬಗ್ಗೆ ಮಾತಾಡಲಿಲ್ಲ, ಸೈಟಿನ ಬಗ್ಗೆ ಮಾತಾಡಿದರು.

ಒಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದೆ, ಅದು ನಮ್ಮ ಮನೆಯದೇ. ಜಾಕಿ ತೊಡುವ ಬಣ್ಣದ ಅಂಗಿಗೆ ಇಂಗ್ಲಿಷಿನಲ್ಲಿ ಇಂದಿಗೂ ಸಿಲ್ಕ್ಸ್ ಎಂದೇ ಹೆಸರು. ಈಗ ಅದು ನೈಲಾನು. ಆದರೆ ರೇಷ್ಮೆಯ ಕಾಲದಲ್ಲಿ ಒಂದು ಅಂಗಿಗೆ ಬೇಕಾದ ನೂಲಿಗೆ ಎಷ್ಟು ಗೂಡು ಕುದಿಯುವ ನೀರಿಗೆ ಬೀಳಬೇಕಿತ್ತು ಎಂದು ದೊಡ್ಡಪ್ಪನ ಮಗ್ಗುಲಲ್ಲಿ ಬೆಳೆದ ನಾನು ಲೆಕ್ಕ ಹಾಕಬಲ್ಲೆ. ಆ ಬಿಸಿಯಲ್ಲಿ ಸತ್ತ ಹುಳದ ವಾಸನೆಯಲ್ಲೇ ನಮ್ಮ ಫೀಸು ಕಟ್ಟಿದ್ದು. ಪ್ರಾಣಿಯನ್ನು ಮನುಷ್ಯನ ಲಾಭಕ್ಕೆ ಬಳಸಲೇಬಾರದು ಎಂದರೆ ಶಿಡ್ಲಘಟ್ಟ ಎಂಬ ಊರೇ ಇರುವಂತಿಲ್ಲ. ಅಕ್ಕನ ಮಗಳಿಗೆ ಇದನ್ನು ಹೇಳಿದೆ. ಹುಳಕ್ಕೂ ಕುದುರೆಗೂ ನೋವು ತಿಳಿಯುವ ಬಗೆ ಒಂದೇ ಅಲ್ಲ, ಹುಳಕ್ಕೆ ನೀನು ಹೆಸರಿಡಲಿಲ್ಲ, ಕುದುರೆಗೆ ಇಟ್ಟೆ ಎಂದಳು. ಹೆಸರಿಟ್ಟ ಮೇಲೆ ಜವಾಬ್ದಾರಿ ಬರುತ್ತದೆ ಎನ್ನುವುದು ಅವಳ ವಾದ. ಇದನ್ನು ನಾನು ಒಪ್ಪುತ್ತೇನೆ.

ಎತ್ತಿನ ಓಟದ ಹೋಲಿಕೆಯನ್ನೂ ಬಿಡಲಾಗದು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟ ನಿಲ್ಲಿಸಿದಾಗ, ಎತ್ತಿನ ಮೈಕಟ್ಟು ಓಟಕ್ಕೆ ಹೇಳಿದ್ದಲ್ಲ ಎಂಬುದು ಒಂದು ಮುಖ್ಯ ಕಾರಣವಾಗಿತ್ತು. ಕರ್ನಾಟಕ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ತಿದ್ದುಪಡಿ ತಂದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆ ಒಂಬತ್ತು ವರ್ಷ ನಮ್ಮ ಹಳ್ಳಿಗಳಲ್ಲಿ ಕೇಳುತ್ತಿದ್ದ ಸಿಟ್ಟಿನ ಮಾತು ಒಂದೇ: ಸಾಹುಕಾರರ ಕುದುರೆ ಓಡಬಹುದು, ರೈತನ ಎತ್ತು ಓಡಬಾರದೇ? ಸಿಟ್ಟು ನ್ಯಾಯವಾದದ್ದೇ. ಆದರೆ ಅದರಿಂದ ಎರಡಕ್ಕೂ ಒಂದೇ ಕಟ್ಟುಪಾಡು ಇರಲಿ ಎಂದಾಗುತ್ತದೆಯೇ ಹೊರತು, ಎರಡೂ ಸರಿ ಎಂದಾಗುವುದಿಲ್ಲ.

ಗಂಡು ಮರಿಯ ಬದುಕಿನಲ್ಲಿ ನಿಜವಾದ ತಿರುವು ಇರುವುದು ಓಟ ನಿಂತ ಮೇಲೆ. ಹೆಣ್ಣಾದರೆ ತಾಯಾಗುವ ದಾರಿಯಾದರೂ ಉಂಟು. 1943ರ ಮೊದಲ ಇಂಡಿಯನ್ ಡರ್ಬಿ ಗೆದ್ದ ಪ್ರಿನ್ಸೆಸ್ ಬ್ಯೂಟಿಫುಲ್ ಹೆಣ್ಣೇ. ಗಂಡಿಗೆ ಆ ದಾರಿ ಬಲು ಕಿರಿದು. ಥರೋಬ್ರೆಡ್‌ನಲ್ಲಿ ಕೃತಕ ಗರ್ಭಧಾರಣೆಯನ್ನು ಒಪ್ಪುವುದಿಲ್ಲ, ಆದರೂ ಒಂದು ಬೀಜದ ಕುದುರೆ ಒಂದು ಹಂಗಾಮಿನಲ್ಲಿ ಹತ್ತಾರು ಹೆಣ್ಣುಗಳಿಗೆ ಸಾಕು. ಸ್ಕ್ವಾಂಡರರ್‌ನಂಥವನಿಗೆ ಆ ಮರ್ಯಾದೆ. ಮಿಕ್ಕವರಲ್ಲಿ ಎಷ್ಟೋ ಮಂದಿಗೆ ನಡುವೆಯೇ ಬೀಜ ತೆಗೆಸಿರುತ್ತಾರೆ. ಪುಂಡಾಟ ಬಿಟ್ಟು ಓಟದ ಮೇಲೆ ಗಮನವಿರಲಿ ಎಂಬ ಕಾರಣ, ನಮ್ಮವರು ಹೋರಿಯನ್ನು ಎತ್ತು ಮಾಡುವುದಕ್ಕೂ ಅದೇ. ಐದಾರು ವರ್ಷಕ್ಕೆ ಓಟ ಮುಗಿಯಿತು ಎಂದುಕೊಳ್ಳಿ. ಕುದುರೆಯ ಆಯಸ್ಸು ಇಪ್ಪತ್ತೈದರ ಮೇಲೆ. ಇನ್ನು ಇಪ್ಪತ್ತು ವರ್ಷ?

ಅದೃಷ್ಟವಂತವು ಸವಾರಿ ಶಾಲೆಗೆ ಹೋಗುತ್ತವೆ. ಮೈಸೂರಿನ ಅಶ್ವಾರೋಹಿ ಪೊಲೀಸ್ ಪಡೆಯಲ್ಲಿ ದಸರಾ ಮೆರವಣಿಗೆಗೆ ನಡೆಯುವ ಕುದುರೆಗಳಲ್ಲಿ ರೇಸಿನಿಂದ ಬಂದವೂ ಇವೆ. ಕೆಲವು ಮದುವೆಯ ಮೆರವಣಿಗೆಗೆ, ಕೆಲವು ಬೆಟ್ಟದ ಊರುಗಳಲ್ಲಿ ಪ್ರವಾಸಿಗರ ಸವಾರಿಗೆ. ನಮ್ಮ ಹೊಲಗಳಲ್ಲಿ ಹಾವು ಕಚ್ಚಿದವನಿಗೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ ಕುದುರೆಯ ರಕ್ತದಿಂದಲೇ ತೆಗೆದದ್ದು ಎಂಬುದನ್ನು ಇಲ್ಲೇ ನೆನೆಯಬೇಕು. ಕಡಲೆಕಾಯಿ ಕೀಳುವಾಗ ಉಳಿದ ಎಷ್ಟೋ ಜೀವ ಯಾವುದೋ ಕುದುರೆಯ ಋಣದಲ್ಲಿವೆ. ಆದರೆ ಹುಟ್ಟಿದ ದಿನದಿಂದ ಚಿಪ್, ಡಿಎನ್‌ಎ, ಪ್ರತಿ ಓಟದ ಸಮಯ, ಪ್ರತಿ ತೂಕ ಬರೆದಿಟ್ಟ ಪುಸ್ತಕ, ಓಟ ಬಿಟ್ಟ ಕುದುರೆಯ ವಿಷಯದಲ್ಲಿ ಹಾಳೆ ಖಾಲಿ ಬಿಡುತ್ತದೆ. ರೇಸಿನವರ ಮೇಲೆ ನನಗಿರುವ ತಕರಾರು ಇದೊಂದೇ, ಆದರೆ ಇದು ಸಣ್ಣದಲ್ಲ. ಮುತ್ತಾತನ ಮುತ್ತಾತನನ್ನು ಹುಡುಕಬಲ್ಲ ವ್ಯವಸ್ಥೆಗೆ ಹತ್ತು ವರ್ಷದ ಕುದುರೆ ಇವತ್ತು ಎಲ್ಲಿ ನಿಂತಿದೆ ಎಂದು ಹೇಳುವುದು ಅಸಾಧ್ಯವೇ? ಬಹುಮಾನದ ಹಣದಲ್ಲಿ ಒಂದು ಪಾಲನ್ನು ಈ ಇಪ್ಪತ್ತು ವರ್ಷಕ್ಕೆ ಎತ್ತಿಟ್ಟರೆ ನಾನು ಹಿರಿಯರ ಪಕ್ಷ, ಎತ್ತಿಡದಿದ್ದರೆ ಅಕ್ಕನ ಮಗಳ ಪಕ್ಷ.

ಇದನ್ನು ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಮುದಿ ಎತ್ತು ಮಾರಿದ ರೈತ ಅದು ಎಲ್ಲಿಗೆ ಹೋಯಿತು ಎಂದು ಕೇಳಿದ್ದಾನೆಯೇ? ನಮ್ಮ ಮನೆಯಲ್ಲಿ ಕೇಳಿರಲಿಲ್ಲ. ಸಂತೆಗೆ ಹೋಯಿತು ಎಂದಷ್ಟೇ ಹೇಳುತ್ತಿದ್ದೆವು, ಸಂತೆ ಒಂದು ಊರು ಎಂಬಂತೆ. ಆದರೆ ಹೊಡೆದುಕೊಂಡು ಹೋಗುವ ಮುಂಚೆ ಅಜ್ಜಿ ಅದರ ಕೊರಳ ಹಗ್ಗ ಬಿಚ್ಚಿ ಒಳಗೆ ಇಟ್ಟುಕೊಳ್ಳುತ್ತಿದ್ದಳು. ಕೊಂಡವನು ತನ್ನ ಹಗ್ಗ ತರಬೇಕು. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಹೋಗುತ್ತಾಳೆ ಎಂಬುದು ಅವಳು ಹೇಳುತ್ತಿದ್ದ ಕಾರಣ.

ಕಳೆದ ಸಲ ಗೌರಿಬಿದನೂರಿಗೆ ಹೋದಾಗ ಹಿರಿಯರ ಮನೆಯ ತೊಲೆಯ ಮೊಳೆಗೆ ಒಂದು ಹಳೆಯ ತೊಗಲಿನ ಮುಖಪಟ್ಟಿ ನೇತು ಹಾಕಿದ್ದು ಕಂಡೆ. ಹಸುವಿನದಲ್ಲ. ಯಾವುದಣ್ಣ ಇದು ಎಂದೆ. ಪುಸ್ತಕದಲ್ಲಿ ಅವನಿಗೆ ಏನೋ ಇಂಗ್ಲಿಷು ಹೆಸರಿತ್ತಂತೆ, ಲಾಯದಲ್ಲಿ ಇವರು ಕರೆಯುತ್ತಿದ್ದದ್ದು ‘ಚಿನ್ನ’ ಎಂದು. ಎರಡು ಸಲ ಗೆದ್ದಿದ್ದ. ಮುಂಗಾಲಿನ ನರ ಹೋಯಿತು. ಒಂದು ದಿನ ಲಾರಿ ಬಂತು.

‘ಎಲ್ಲಿಗೆ ಹೋದ?’

‘ನಾನು ಹತ್ತಿಸಿದೆ ಕಣಪ್ಪಾ. ಅವರ ಹತ್ರ ಬೇರೆ ಹಗ್ಗ ಇತ್ತು’ ಎಂದು ಅವರು ಹಸುವಿಗೆ ನೀರು ತೋರಿಸಲು ಎದ್ದರು.